ಜಾಲರಿಯ ಹತ್ತಿ ಎಲ್ಲಿ ಹೋಯಿತು?

“ಇಂಜಿನ್ ಏರಿನಲ್ಲಿ ಮಾತ್ರ ಬಿಸಿಯಾಗುತ್ತಾ, ನೇರ ರಸ್ತೆಯಲ್ಲೂ ಆಗುತ್ತಾ?”

ಲಾರಿಯ ಅಡಿಯಿಂದ ದೊಡ್ಡಮ್ಮನ ದನಿ ಬಂತು. ಹೊರಗೆ ಕಾಣುತ್ತಿದ್ದುದು ಅವಳ ಎರಡು ಬೂಟು ಮಾತ್ರ.

“ಏರಿನಲ್ಲೇ ಅತ್ತಿಗೆ. ಲೋಡ್ ಇದ್ರೆ ಅರ್ಧ ಏರು ಹತ್ತೋಷ್ಟರಲ್ಲಿ ಬಿಸಿ ತೋರಿಸೋ ಸೂಜಿ ಕೆಂಪು ಗೆರೆ ಮುಟ್ಟುತ್ತೆ. ನಿಂತು ನಿಂತು ಬಂದೆ,” ಎಂದ ಅಪ್ಪ.

ಚೂಟಿ ಗ್ಯಾರೇಜಿನ ಹಳೇ ಟೈರಿನ ಮೇಲೆ ಕೂತಿದ್ದಳು. ತೊಡೆಯ ಮೇಲೆ ಸ್ಕೂಲ್ ಬ್ಯಾಗು. ಒಳಗೆ ಪುಸ್ತಕ ಒಂದೂ ಇರಲಿಲ್ಲ, ರಜೆ ತಾನೇ! ಟವೆಲ್, ಎರಡು ಫ್ರಾಕು, ಚಿಪ್ಪು ತುಂಬೋಕೆ ಒಂದು ಡಬ್ಬಿ, ಮತ್ತೆ ‘ಸಮುದ್ರಕ್ಕೆ ಬೇಕಾದ ಸಾಮಾನು’ ಅಂತ ಬರೆದ ಚೀಟಿ. ಇವತ್ತು ಮೊದಲ ಸಲ ಅಪ್ಪ ಅವಳನ್ನು ಲಾರಿಯಲ್ಲಿ ಸಮುದ್ರದ ಊರಿಗೆ ಕರೆದುಕೊಂಡು ಹೋಗುವವನಿದ್ದ. ಆದರೆ ಸಂಜೆಯೊಳಗೆ ಲಾರಿ ಸರಿಯಾಗದಿದ್ದರೆ ಲೋಡು ಬೇರೆಯವರಿಗೆ. ಆಮೇಲೆ ಸಮುದ್ರ ಎಲ್ಲಿಂದ ಬರಬೇಕು?

ದೊಡ್ಡಮ್ಮ ಅಂದರೆ ಅಮ್ಮನ ಅಕ್ಕ. ಇಂಜಿನ್ ವಿಷಯದಲ್ಲಿ ಅವಳನ್ನು ಮೀರಿಸುವವರು ಸುತ್ತಮುತ್ತ ಯಾರೂ ಇರಲಿಲ್ಲ. ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಮುಚ್ಚಳ ತೆಗೆದು ನೀರು ನೋಡಿದಳು. ತುಂಬಿತ್ತು. ಫ್ಯಾನ್ ಬೆಲ್ಟ್ ಒತ್ತಿ ನೋಡಿದಳು. ಬಿಗಿಯಾಗಿತ್ತು. ಥರ್ಮೋಸ್ಟಾಟ್ ಅನ್ನೋ ಪುಟ್ಟ ಬಿಲ್ಲೆಯನ್ನು ಬಿಚ್ಚಿ, ಪಾತ್ರೆಯ ಬಿಸಿನೀರಿಗೆ ಹಾಕಿದಳು. ನೀರು ಕುದಿಯುತ್ತಿದ್ದಂತೆ ಅದು ಮೆಲ್ಲಗೆ ಬಾಯಿ ಬಿಟ್ಟಿತು.

“ಇದೂ ಸರಿಯಿದೆ ಕಣೇ ಚೂಟಿ. ಬಿಸಿನೀರಿಗೆ ದಾರಿ ಬಿಡೋ ಬಾಗಿಲು ಇದು.”

ಕೊನೆಗೆ ಮುಂಭಾಗಕ್ಕೆ ಬಂದು, ಗಾಳಿ ಒಳಗೆ ಹೋಗೋ ಜಾಲರಿಯನ್ನು ನೋಡಿದಳು. ಅದು ಫಳಫಳ ಹೊಳೆಯುತ್ತಿತ್ತು.

“ಮೊನ್ನೆ ನನ್ನ ಮಗಳೇ ತೊಳೆದದ್ದು,” ಅಪ್ಪ ಎದೆಯುಬ್ಬಿಸಿದ. “ಕಂಡಕಂಡ ಡ್ರೈವರ್‌ಗಳಿಗೆಲ್ಲ ತೋರಿಸಿದ್ದೀನಿ.”

“ಹಾಗಾದ್ರೆ ಇಲ್ಲಿ ಕಸ ಇಲ್ಲ. ಇನ್ನು ವಾಟರ್ ಪಂಪ್ ಬಿಚ್ಚಬೇಕು. ಎರಡು ದಿನ ಹಿಡಿಯುತ್ತೆ.”

ಎರಡು ದಿನ! ಚೂಟಿ ಬ್ಯಾಗನ್ನು ಎದೆಗೆ ಅವುಚಿಕೊಂಡಳು. ಆಗಲೇ ಒಂದು ವಿಷಯ ನೆನಪಾಯಿತು.

ಮೊನ್ನೆ ಆ ಜಾಲರಿಯ ತುಂಬ ಹತ್ತಿ ಮೆತ್ತಿಕೊಂಡಿತ್ತು. ಅಪ್ಪ ಹತ್ತಿ ಮೂಟೆ ಹೊತ್ತು ಬಂದಿದ್ದ. ಅವಳು ಜೋರಾಗಿ ನೀರು ಹಾರಿಸೋ ಪೈಪು ಹಿಡಿದು ಎದುರಿಗೇ ನಿಂತು ಹೊಡೆದಿದ್ದಳು. ಹತ್ತಿ ಮಾಯವಾಗಿತ್ತು. ಆದರೆ ನೆಲದ ಮೇಲೆ ಒಂದು ಎಳೆಯೂ ಬಿದ್ದಿರಲಿಲ್ಲ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ಅವಳ ಪಾಡು. ಹೇಳಿದರೆ ಅಪ್ಪನ ಮುಖ ಸಣ್ಣಗಾಗುತ್ತೆ. ಇನ್ನು ಲಾರಿ ಮುಟ್ಟೋಕೂ ಬಿಡಲ್ಲ. ಹೇಳದಿದ್ದರೆ?

ದೊಡ್ಡಮ್ಮ ಆಗಲೇ ದೊಡ್ಡ ಸ್ಪ್ಯಾನರ್ ಕೈಗೆತ್ತಿಕೊಂಡಿದ್ದಳು.

“ದೊಡ್ಡಮ್ಮಾ, ಅಲ್ಲಿ ಹತ್ತಿ ಇತ್ತು. ನಾನು ನೀರು ಹೊಡೆದೆ. ಅದು ಕೆಳಗೆ ಬೀಳಲೇ ಇಲ್ಲ.”

ದೊಡ್ಡಮ್ಮ ಸ್ಪ್ಯಾನರ್ ಕೆಳಗಿಟ್ಟಳು. “ಒಂದು ಹಾಳೆ ಕೊಡು.”

ಚೂಟಿಯ ಬಳಿ ಇದ್ದುದು ಆ ಚೀಟಿ ಒಂದೇ. ಕೊಟ್ಟಳು. ದೊಡ್ಡಮ್ಮ ಥರ್ಮೋಸ್ಟಾಟನ್ನು ಮತ್ತೆ ಕೂರಿಸಿ, ನೀರು ತುಂಬಿಸಿ, ಇಂಜಿನ್ ಸ್ಟಾರ್ಟ್ ಮಾಡಿಸಿದಳು. ಅದು ಚೆನ್ನಾಗಿ ಬಿಸಿಯಾದ ಮೇಲೆ ಚೀಟಿಯನ್ನು ಜಾಲರಿಗೆ ಒತ್ತಿ ಕೈಬಿಟ್ಟಳು.

“ಒಳಗಿನ ಫ್ಯಾನ್ ಗಾಳಿ ಎಳೀತಿದ್ರೆ ಇದು ಅಂಟಿಕೊಳ್ಳಬೇಕು,” ಎಂದಳು.

ಚೀಟಿ ಜಾರಿ ನೆಲಕ್ಕೆ ಬಿತ್ತು.

“ಮೇಲೆ ಥಳಕು, ಒಳಗೆ ಹುಳುಕು! ನಾನೂ ಮೋಸ ಹೋದೆ ನೋಡು. ಇಲ್ಲಿರೋದು ಒಂದಲ್ಲ, ಎರಡು ಜಾಲರಿ. ಮುಂದಿನದು ಇಂಜಿನ್‌ಗೆ ಹೋಗೋ ಗಾಳಿ ತಣಿಸೋದು, ಹಿಂದಿನದು ರೇಡಿಯೇಟರು. ನೀರು ತಣ್ಣಗಾಗೋದು ಅಲ್ಲಿ.”

ಇಂಜಿನ್ ಆರಿಸಿ, ತಣ್ಣಗಾಗುವವರೆಗೆ ಕಾದು, ಬೋಲ್ಟು ಬಿಚ್ಚಿ ಮುಂದಿನ ಜಾಲರಿಯನ್ನು ಓರೆ ಮಾಡಿದರು. ಎರಡರ ನಡುವೆ ಎರಡು ಬೆರಳಿನಷ್ಟು ಸಂದು. ಅದರ ತುಂಬ ಹತ್ತಿ, ಮಣ್ಣು ಸೇರಿ ಹಳೇ ಹಾಸಿಗೆಯ ಹಾಗೆ ಗಟ್ಟಿಯಾಗಿತ್ತು.

ಚೂಟಿ ತಲೆ ತಗ್ಗಿಸಿದಳು. ಅಪ್ಪ ಅವಳ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತ.

“ಪಾಪ, ಕಂಬಳಿ ಹೊದ್ದು ಏರು ಹತ್ತುತ್ತಿತ್ತು. ನಾನು ಲಾರಿಗೆ ವಯಸ್ಸಾಯ್ತು ಅಂತ ದಾರಿಯುದ್ದಕ್ಕೂ ಬೈಕೊಂಡು ಬಂದೆ.”

“ಬೇಜಾರಾಯ್ತಾ ಅಪ್ಪಾ?”

“ಆಯ್ತು. ಅಷ್ಟು ಜನರ ಹತ್ರ ಜಂಬ ಕೊಚ್ಚಿಕೊಂಡಿದ್ದೆನಲ್ಲ.” ಅವನು ಅವಳ ಮೂಗಿನ ಮೇಲಿದ್ದ ಹತ್ತಿಯ ಎಳೆ ತೆಗೆದ. “ಬಾ, ಗಾಳಿ ಪೈಪು ಹಿಡ್ಕೋ.”

ದೊಡ್ಡಮ್ಮ ಅವಳ ಕಣ್ಣಿಗೆ ದೊಡ್ಡ ಕನ್ನಡಕ ಹಾಕಿದಳು. “ಈ ಸಲ ಹಿಂದಿನಿಂದ ಮುಂದಕ್ಕೆ. ಬಂದ ದಾರಿಯಲ್ಲೇ ಹೊರಗೆ ಹೋಗಲಿ.”

ಹತ್ತಿ ತುಣುಕು ತುಣುಕಾಗಿ ಹಾರಿತು. ಮೂವರ ತಲೆಯೂ ಬೆಳ್ಳಗಾಯಿತು. ನೆಲದ ಮೇಲೆ ಗುಡ್ಡೆ ಬೆಳೆಯುವುದನ್ನು ನೋಡಿ ಚೂಟಿಗೆ ಹಾಯೆನಿಸಿತು.

ಎಲ್ಲ ಜೋಡಿಸಿ ಮತ್ತೆ ಇಂಜಿನ್ ಬಿಸಿ ಮಾಡಿದಾಗ ಅವಳೇ ಚೀಟಿ ಒಡ್ಡಿದಳು. ಜಾಲರಿ ಅದನ್ನು ಕೈಯಿಂದ ಕಿತ್ತುಕೊಂಡು ಗಟ್ಟಿಯಾಗಿ ಹಿಡಿದುಕೊಂಡಿತು.

ಸಂಜೆ ಲೋಡು ಹೊತ್ತ ಲಾರಿ ಮೊದಲ ಏರು ಹತ್ತಿತು. ಸೂಜಿ ಅಲುಗಾಡದೆ ನಡುವೆಯೇ ನಿಂತಿತ್ತು. ಚೂಟಿ ಮಸಿ ಹಿಡಿದ ಚೀಟಿಯನ್ನು ಮಂಡಿಯ ಮೇಲೆ ಬಿಡಿಸಿ, ‘ಚಿಪ್ಪಿನ ಡಬ್ಬಿ’ ಅಂತ ಇದ್ದ ಸಾಲಿನ ಕೆಳಗೆ ಇನ್ನೊಂದು ಸಾಲು ಬರೆದಳು:

‘ಟಾರ್ಚ್. ಸಂದಿ ನೋಡೋಕೆ.’