ದೇವೀರಿಯ ಸರದಿ

ಬಹಳ ಹಿಂದೆ, ಸುಸ್ತಾಯಿತು ಅಂತ ಬಾಯಿಬಿಟ್ಟು ಹೇಳಲೂ ಜನ ಹೆದರುತ್ತಿದ್ದ ಕಾಲದಲ್ಲಿ, ಕಂಚಿನಕೋಟೆ ಅಂತ ಒಂದು ರಾಜ್ಯವಿತ್ತು. ಅಲ್ಲಿನ ರಾಜ ಎಂದೋ ಓಡಿಹೋಗಿದ್ದ. ಉರಿಗಣ್ಣ ಎಂಬ ಮಾಂತ್ರಿಕ ಆ ಸಿಂಹಾಸನದ ಮೇಲೆ ಕೂತಿದ್ದ. ಅವನಿಗೆ ಕಾಳಗ ನೋಡುವ ಹುಚ್ಚು.

ಆ ಹುಚ್ಚಿಗೆ ಕೋಟೆಯೊಳಗೆ ಮೂರು ಕಣ ಕಟ್ಟಿಸಿದ್ದ. ಮೊದಲನೆಯದು ಕೈಚಳಕದ ಕಣ. ಅಲ್ಲಿ ಬೀಸಿದ ಕಡೆ ಏಟು, ಹಾರಿದರೆ ಬಚಾವು, ಕಣ್ಣು ಮಿಟುಕಿಸಿದರೆ ತಲೆ ಹೋಯಿತು. ಎರಡನೆಯದು ಗುರಿಯ ಕಣ. ಅಲ್ಲಿ ಕಣ್ಣು ನೆಟ್ಟು ಹೇಳಿದ ಮಂತ್ರ ತಪ್ಪುವುದೇ ಇಲ್ಲ, ಆದರೆ ಒಮ್ಮೆ ಹೇಳಿದ ಮಂತ್ರ ದಣಿವಾರಿಸಿಕೊಳ್ಳುವವರೆಗೆ ಮತ್ತೆ ಫಲಿಸುವುದಿಲ್ಲ. ಮೂರನೆಯದು ಸರದಿಯ ಕಣ. ನಿನ್ನದೊಂದು ಏಟು, ನನ್ನದೊಂದು ಏಟು. ಎದುರಾಳಿಯ ಏಟು ಮುಗಿಯದೆ ಕೈ ಎತ್ತುವ ಹಾಗಿಲ್ಲ. ಈ ನೇಮಗಳನ್ನು ಉರಿಗಣ್ಣ ತನ್ನ ಮಾಯೆಯಿಂದಲೇ ಬಿಗಿದಿದ್ದ. ಅವನ್ನು ಮುರಿಯಲು ಅವನಿಂದಲೂ ಆಗುತ್ತಿರಲಿಲ್ಲ.

ಸತ್ತವರ ಕತೆ ಏನು ಅಂತೀರಾ? ಸತ್ತು ಹೋಗಲೂ ಬಿಡುತ್ತಿರಲಿಲ್ಲ, ಅದೇ ಗೋಳು. ಬೆಳಗಾದರೆ ಉರಿಗಣ್ಣ ಚಪ್ಪಾಳೆ ತಟ್ಟುತ್ತಿದ್ದ. ಹಿಂದಿನ ದಿನ ಸತ್ತ ಮನುಷ್ಯರು, ಮೃಗಗಳು, ಎಲ್ಲರೂ ಬಾವಿಕಟ್ಟೆಯ ಹತ್ತಿರ ಮೈ ಕೊಡವಿಕೊಂಡು ಏಳುತ್ತಿದ್ದರು. ಪ್ರತಿ ಸಲ ಎದ್ದಾಗಲೂ ಒಂದೊಂದು ನೆನಪು ಹೋಗಿರುತ್ತಿತ್ತು. ಊರು ಮರೆತು, ಹೆಂಡತಿ ಮಕ್ಕಳನ್ನು ಮರೆತು, ಕೊನೆಗೆ ಉಳಿಯುತ್ತಿದ್ದುದು ಯಾವ ಕಣ ಮೇಲು ಎಂಬ ಜಗಳ ಒಂದೇ.

"ನಮ್ಮಲ್ಲಿ ರಟ್ಟೆಗೆ ಕಸುವು ಬೇಕು ಕಣಯ್ಯ," ಅನ್ನುವನು ಕೈಚಳಕದವನು.

"ನಿಮ್ಮದು ಬರೀ ಕುಣಿತ. ಯಾವ ಮಂತ್ರದ ಹಿಂದೆ ಯಾವುದು ಅನ್ನೋ ಲೆಕ್ಕಾಚಾರ ಗೊತ್ತಾ ನಿಮಗೆ?" ಅನ್ನುವನು ಗುರಿಯವನು.

ಸರದಿಯವರನ್ನು ಕಂಡರೆ ಇಬ್ಬರೂ ಸೇರಿ ನಗುವರು. "ಪಾಪ, ಪಂಕ್ತಿಯಲ್ಲಿ ಎಲೆ ಹಾಕ್ಕೊಂಡು ಬಡಿಸಲಿ ಅಂತ ಕಾಯ್ತಾ ಕೂತವರ ಹಾಗಿದ್ದಾರೆ!"

ಇಂಥ ಹಾಳು ಜಾಗಕ್ಕೆ ಬೊಮ್ಮಣ್ಣ ಎಂಬುವನು ಒಂದು ಕಾಳಗ ನೋಡಿ ಬರುತ್ತೇನೆ ಅಂತ ಹೋದ. ಹೋದವನು ಬರಲೇ ಇಲ್ಲ. ಕಂಬಳಿ ನೇಯುವ ಅವನ ತಂಗಿ ದೇವೀರಿ ಕಾದು ಕಾದು ಸಾಕಾಗಿ, ಮಗ್ಗ ಬಿಟ್ಟು ಹೊರಟಳು. ಕಾಡು ದಾಟಿ, ಗುಡ್ಡ ಹತ್ತಿ, ಒಂದು ಬೆಳಿಗ್ಗೆ ಬಾವಿಕಟ್ಟೆಯ ಹತ್ತಿರ ಬಂದಾಗ ಅಣ್ಣ ಆಗಷ್ಟೇ ಎದ್ದು ಕೂತಿದ್ದ.

"ಅಣ್ಣಾ, ನಡಿ ಮನೆಗೆ."

"ಯಾರಮ್ಮ ನೀನು?"

"ನಿನ್ನ ತಂಗಿ ಕಣೋ!"

"ತಂಗಿ ಅಂದ್ರೆ?" ಅಂದ ಬೊಮ್ಮಣ್ಣ.

ಪಕ್ಕದಲ್ಲಿದ್ದ ಮುದಿ ಸೈನಿಕನೊಬ್ಬ ಹೇಳಿದ: "ಅವನಿಗೆ ಉಳಿದಿರೋದು ತನ್ನ ಹೆಸರೊಂದೇ, ತಾಯಿ. ಇವತ್ತು ಸರದಿಯ ಕಣದಲ್ಲಿ ಉರಿಗಣ್ಣನ ಎದುರಿಗೇ ನಿಲ್ಲಬೇಕು. ನಾಳೆ ಎದ್ದಾಗ ಹೆಸರೂ ಇರಲ್ಲ."

"ಅವನ ಬದಲು ನಾನು ನಿಲ್ತೀನಿ."

"ನಿಲ್ಲಬಹುದು. ಆದರೆ ಮೊದಲಿನ ಎರಡು ಕಣ ದಾಟಿ ಬರಬೇಕಲ್ಲ!"

ಹೆಂಗಸೊಬ್ಬಳು ಕಣಕ್ಕಿಳಿದಳು ಅನ್ನುವ ಸುದ್ದಿಗೆ ಎಲ್ಲರೂ ಆ ದಿನದ ಕಾಳಗ ಬಿಟ್ಟು ನೋಡಲು ಸೇರಿದರು.

ಕೈಚಳಕದ ಕಣದಲ್ಲಿ ಕಬ್ಬಿಣದ ಹಂದಿಯೊಂದು ನುಗ್ಗಿತು. ದೇವೀರಿ ಎಡಕ್ಕೆ ಹಾರಿದಳು, ಬಲಕ್ಕೆ ಹಾರಿದಳು, ಕಾಲು ಸೋಲುವವರೆಗೂ ಹಾರಿದಳು. ಕೊನೆಗೆ ಹಂದಿಯೇ ಏದುಸಿರು ಬಿಡುತ್ತಾ ಕುಸಿದು, "ಹೋಗು ತಾಯಿ, ನನಗೂ ಸಾಕಾಗಿದೆ," ಅಂದಿತು.

ಗುರಿಯ ಕಣದಲ್ಲಿ ಎರಡು ತಲೆಯ ಹಾವು ಹೆಡೆ ಬಿಚ್ಚಿತ್ತು. ಒಂದು ತಲೆ ಬೆಂಕಿಯ ಮಂತ್ರ ಹೇಳಿತು, ಇನ್ನೊಂದು ಮಂಜಿನ ಮಂತ್ರ ಹೇಳಿತು. ಎರಡೂ ತಪ್ಪದೆ ತಗುಲಿದವು. ಹಲ್ಲು ಕಚ್ಚಿ ಎರಡನ್ನೂ ತಾಳಿಕೊಂಡು, ಮಂತ್ರಗಳು ದಣಿವಾರಿಸಿಕೊಳ್ಳುವ ಹೊತ್ತಿನಲ್ಲಿ ದೇವೀರಿ ಹಾವನ್ನು ದಾಟಿ ನಡೆದಳು. ಹಾವು ಆಕಳಿಸಿತು.

ಸರದಿಯ ಕಣಕ್ಕೆ ಬರುವ ಹೊತ್ತಿಗೆ ಅವಳ ಮೈಯಲ್ಲಿ ಏನೂ ಉಳಿದಿರಲಿಲ್ಲ. ಎದುರಿಗೆ ಉರಿಗಣ್ಣ, ಕೈಯಲ್ಲಿ ಉರಿಯುವ ಗದೆ. ಅವಳ ಅವತಾರ ನೋಡಿ ಅವನಿಗೆ ನಗು ತಡೆಯಲಿಲ್ಲ.

"ಮೊದಲ ಏಟು ನಿನಗೇ ಬಿಟ್ಟೆ, ಹೋಗು! ಆಮೇಲೆ ನನ್ನದು ನೋಡು," ಅಂದ.

ದೇವೀರಿ ಮುದಿ ಸೈನಿಕ ಕೊಟ್ಟಿದ್ದ ಕತ್ತಿ ಎತ್ತಲು ಹೋದಳು. ತೋಳು ಮೇಲೇಳಲಿಲ್ಲ. ಸುಳ್ಳು ಹೇಳಿ ನನಗೇನಾಗಬೇಕು, ಅವಳು ಯಾವ ಉಪಾಯವನ್ನೂ ಮಾಡಿರಲಿಲ್ಲ. ಒಂದು ಗಳಿಗೆ ಕೂತು ಆಮೇಲೆ ಸಾಯೋಣ ಅಂತ ನೆಲದ ಮೇಲೆ ಕಾಲು ಚಾಚಿ ಕೂತಳು, ಅಷ್ಟೇ.

ಉರಿಗಣ್ಣ ಕಾದ. ಇನ್ನೂ ಕಾದ. "ಹೊಡಿ!" ಅಂದ.

"ತಡಿಯಪ್ಪ, ಕಾಲು ನೋಯ್ತಿದೆ."

ಅವನಿಗೆ ರೇಗಿತು. ಗದೆ ಎತ್ತಲು ನೋಡಿದ, ಕೈ ಅಲ್ಲಾಡಲಿಲ್ಲ. ಆಗ ದೇವೀರಿ ತಲೆ ಎತ್ತಿ ಅವನನ್ನು ನೋಡಿದಳು. ಗದೆ ಹಿಡಿದ ಕೈಯನ್ನೂ ನೋಡಿದಳು. ಆಮೇಲೆ ಕತ್ತಿಯನ್ನು ದೂರಕ್ಕೆ ತಳ್ಳಿ, ಇನ್ನಷ್ಟು ಆರಾಮವಾಗಿ ಕೂತಳು.

ಸಂಜೆಯಾಯಿತು, ರಾತ್ರಿ ಕಳೆಯಿತು, ಬೆಳಗಾಯಿತು. ಚಪ್ಪಾಳೆ ತಟ್ಟುವ ಹೊತ್ತು ಬಂತು. ತಟ್ಟಲು ಉರಿಗಣ್ಣನ ಕೈ ಏಳಬೇಕಲ್ಲ!

ಮುದಿ ಸೈನಿಕ ಎದ್ದು ನಿಂತು ಹೇಳಿದ: "ಇವತ್ತು ಚಪ್ಪಾಳೆ ಇಲ್ಲ ಕಣ್ರಯ್ಯಾ. ಇನ್ನು ಸತ್ತರೆ ಸತ್ತ ಹಾಗೇ."

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಷ್ಟೋ ಕಾಲದ ಮೇಲೆ ಅವರಿಗೆ ಜೀವದ ಮೇಲೆ ಆಸೆ ಹುಟ್ಟಿತು. ಒಬ್ಬ ಕತ್ತಿ ಕೆಳಗಿಟ್ಟ. ಇನ್ನೊಬ್ಬ ಗುರಾಣಿ ಕೆಳಗಿಟ್ಟು ಅದರ ಮೇಲೇ ತಲೆಯಿಟ್ಟ. ಮೂರು ಕಣದವರೂ ಜಗಳ ಮರೆತು, ಹಂದಿಯ ಬೆನ್ನಿಗೊರಗಿ, ಹಾವಿನ ಪಕ್ಕ ಉರುಳಿ, ಗೊರಕೆ ಹೊಡೆದರು. ಬೊಮ್ಮಣ್ಣ ತಂಗಿಯ ಪಕ್ಕದಲ್ಲೇ ಮಲಗಿದ. ಮಲಗಿದವರಿಗೆ ಕನಸಿನಲ್ಲಿ ಒಂದೊಂದೇ ನೆನಪು ಮರಳಿ ಬಂತು.

ಮರುದಿನ ಬೊಮ್ಮಣ್ಣ ಕಣ್ಣುಜ್ಜಿಕೊಂಡು ಎದ್ದ. "ದೇವೀರೀ, ಹೊಟ್ಟೆ ಹಸೀತಿದೆ ಕಣೇ," ಅಂದ.

ಅಷ್ಟು ದೂರ ನಡೆದು, ಅಷ್ಟು ಪೆಟ್ಟು ತಿಂದು ಅಳದವಳು ಆ ಮಾತಿಗೆ ಗಳಗಳ ಅತ್ತುಬಿಟ್ಟಳು.

ಅಣ್ಣನ ಕೈ ಹಿಡಿದು ಅವಳು ಹೊರಟಾಗ ಉರಿಗಣ್ಣ ಹಿಂದಿನಿಂದ ಗೋಗರೆದ: "ಒಂದೇ ಒಂದು ಏಟು ಹೊಡೆದು ಹೋಗಮ್ಮ! ಹೀಗೇ ಎಷ್ಟು ದಿನ ನಿಲ್ಲಲಿ?"

"ಸರದಿ ನನ್ನದು ತಾನೇ?" ಅಂದಳು ದೇವೀರಿ. "ಪುರುಸೊತ್ತಾದಾಗ ಬರ್ತೀನಿ."

ಊರಲ್ಲಿ ಅವಳಿಗೆ ಕಂಬಳಿ ನೇಯುವುದಿತ್ತು, ಅಣ್ಣನಿಗೆ ಹೆಣ್ಣು ನೋಡುವುದಿತ್ತು, ಮಧ್ಯಾಹ್ನ ಉಂಡು ಮಲಗುವುದಿತ್ತು. ಅಣ್ಣ ತಂಗಿ ಅಲ್ಲಿ, ಮಿಕ್ಕವರು ತಂತಮ್ಮ ಊರಲ್ಲಿ, ಹೊಟ್ಟೆ ತುಂಬ ಉಂಡು, ಕಣ್ತುಂಬ ನಿದ್ದೆ ಮಾಡಿ ಸುಖವಾಗಿದ್ದರು. ದೇವೀರಿಗೆ ಮಾತ್ರ ಇವತ್ತಿನವರೆಗೂ ಪುರುಸೊತ್ತು ಸಿಕ್ಕಿಲ್ಲ.