ಪ್ರಸಾರವಾಗದ ನಾಟಿ ಹಾಡು

"ನಮ್ಮವ್ವನ ಹಾಡು ಎಲ್ಲೈತಿ?"

ಸ್ಟುಡಿಯೋದ ಬಾಗಿಲು ದೂಡಿಕೊಂಡೇ ಒಳಗೆ ಬಂದಿದ್ದಳು ಹೇಮಾವತಿ.

ಕಂಪ್ಯೂಟರ್ ಮುಂದೆ ಕೂತಿದ್ದ ಹನಮೇಶ ಹೆಡ್‌ಫೋನ್ ತೆಗೆದು ಕೊರಳಿಗೆ ಹಾಕಿಕೊಂಡ. ಕಾರಟಗಿಯ ಈ ಕಾಲೇಜಿನ ರೇಡಿಯೋವನ್ನು ನಡೆಸುವವರು ವಿದ್ಯಾರ್ಥಿಗಳೇ. ಮೈಕ್ ಮುಂದೆ ಮಾತು ಹೇಮಾಳದು. ಯಾವುದು ಪ್ರಸಾರವಾಗಬೇಕು, ಯಾವುದು ಬೇಡ ಎನ್ನುವುದು ಹನಮೇಶನ ಕೈಯಲ್ಲಿ.

"ಟೈಮ್ ಸಾಲಲಿಲ್ಲ," ಎಂದ, ಅವಳ ಮುಖ ನೋಡದೆ.

"ಸುಳ್ಳು! ಹತ್ತು ನಿಮಿಷ ಗೊಬ್ಬರದ ಮಾತು ಹಾಕಿದಿ. ಅದಕ್ಕ ಟೈಮಿತ್ತಾ?"

ಅವನು ಮತ್ತೆ ಪರದೆಯತ್ತ ತಿರುಗಿದ. ಅದು ಅವಳನ್ನು ಇನ್ನಷ್ಟು ಕೆಣಕಿತು.

ಅವ್ವ ದುರಗವ್ವ ಭತ್ತದ ನಾಟಿ ಕೂಲಿಗೆ ಹೋಗುವವಳು. ಹೋದ ವಾರ ಹೇಮಾಳಿಗೆ ಪರೀಕ್ಷೆ ಇದ್ದುದರಿಂದ, ಗದ್ದೆಗೆ ಹೋಗಿ ಅವ್ವನ ತಂಡದ ಹಾಡು ರೆಕಾರ್ಡ್ ಮಾಡಿ ತಂದವನು ಹನಮೇಶ. ಅವ್ವನಿಗೆ ಎಂಥ ಸಂಭ್ರಮ! ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದಿದ್ದಳು. ನಿನ್ನೆ ಸಂಜೆ ಹನ್ನೆರಡು ಹೆಂಗಸರು ಕೆಸರುಗಾಲಲ್ಲೇ ಒಂದು ಮೊಬೈಲಿನ ಸುತ್ತ ಕೂತಿದ್ದರು...

ಹಾಡು ಬರಲೇ ಇಲ್ಲ.

"'ದುರಗವ್ವಾ, ನಿನ್ನ ಹಾಡು ಕಾಲುವ್ಯಾಗ ಹರಕೊಂಡು ಹೋತೇನ?' ಅಂತ ಮಂದಿ ನಕ್ಕಾರ. ನಮ್ಮವ್ವ ಊಟ ಸೈತ ಮಾಡ್ಲಿಲ್ಲ, ಗೊತ್ತೈತಾ?"

ಹನಮೇಶನ ಮುಖ ಸಣ್ಣದಾಯಿತು. "ಭಾಳ ತಪ್ಪಾತು..."

"ಕೆಸರಾಗ ನಿಂತವರ ದನಿ ನಿಮ್ಮ ರೇಡಿಯೋಕ್ಕ ಶೋಭಾ ಅಲ್ಲೇನ್ರಿ, ಸ್ಟೇಷನ್ ಸಾಹೇಬ್ರ?"

"ಹೇಮಾ! ನಮ್ಮವ್ವನೂ ನಾಟಿಗಿ ಹೋಗಾಕಿನ."

"ಹಂಗಾದ್ರ ನಿನಗ ಇನ್ನೂ ನಾಚಿಕಿ ಬರಬೇಕು! ಆ ಹಾಡು ನನ್ನ ಮೊಬೈಲಿಗೆ ಹಾಕು. ನಾನ ಅವರಿಗೆ ಕೇಳಸ್ತೀನಿ. ನಾಳಿಂದ ಈ ಕಡೆ ಕಾಲಿಡಂಗಿಲ್ಲ."

"ಕೊಡಾಕ ಬರಂಗಿಲ್ಲ."

"ಅಳಿಸೀಯೇನ?"

"ಇಲ್ಲ."

ಅಷ್ಟೇ ಸಾಕಾಯಿತು. ಅವನ ಕೊರಳಿನ ಹೆಡ್‌ಫೋನನ್ನು ಕಿತ್ತುಕೊಂಡಳು. ಪರದೆಯ ಮೇಲೆ 'ದುರಗವ್ವ, ನಾಟಿ' ಎಂಬ ಫೈಲು ತೆರೆದೇ ಇತ್ತು! ಕಿವಿಗಿಟ್ಟುಕೊಂಡು ಪ್ಲೇ ಒತ್ತಿದಳು. ತಡೆಯಲು ಚಾಚಿದ ಅವನ ಕೈ ಅರ್ಧಕ್ಕೇ ನಿಂತಿತು.

ನೀರಿನ ಸದ್ದು. ಬಳೆಗಳ ಸದ್ದು. ಆಮೇಲೆ ಅವ್ವನ ದನಿ...

ಬದುವಿನ ಮೇಲೆ ಯಾರು ನಿಂತರೂ ಅವರ ಹೆಸರನ್ನು ಹಾಡಿಗೆ ಸೇರಿಸಿ ಕಾಡಿಸುವುದು ನಾಟಿ ಹೆಂಗಸರ ರೂಢಿ. ಅಂದು ಅಲ್ಲಿ ನಿಂತಿದ್ದವನು ಹನಮೇಶ.

"ಬದುವಿನ ಮ್ಯಾಲ ನಿಂತಾನ ಹನಮೇಶ, ನಮ್ಮ ಹೇಮಾಗ ತಕ್ಕ ವರನವ್ವಾ..."

ಹನ್ನೆರಡು ಕೊರಳುಗಳು ಅದನ್ನೇ ಎತ್ತಿಕೊಂಡವು. ಪ್ರತಿ ನುಡಿಯ ಕೊನೆಗೂ ಅದೇ ಸಾಲು!

ಹೇಮಾಳ ಕಿವಿ ಬಿಸಿಯಾಯಿತು. 'ಅವ್ವಾ... ನನಗೊಂದು ಮಾತು ಹೇಳಬಾರದಿತ್ತೇ?'

ಹಾಡು ಮುಗಿದು ನಗೆ ಎದ್ದಿತು. ಯಾರೋ ಒಬ್ಬಳು ಕೇಳಿದಳು: "ಏನಪಾ, ಒಪ್ಪಿಗಿ ಐತೇನ?"

ಅದಕ್ಕೆ ಹನಮೇಶನ ದನಿ: "ನನ್ನದೇನೈತಿ ಬೇ... ಮೊದಲ ಆಕಿನ್ನ ಕೇಳ್ರಿ."

ಹೇಮಾ ಹೆಡ್‌ಫೋನನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು.

"ಇದನ್ನ ಯಾಕ ಹೇಳ್ಲಿಲ್ಲ?"

"ನಿನ್ನ ಕೇಳದ ನಿನ್ನ ಹೆಸರು ಊರಿಗೆಲ್ಲ ಹೆಂಗ ಕೇಳಸ್ಲಿ? ಕಾರಣ ಹೇಳಿದ್ರ... ನನ್ನ ಮನಸಿನಾಗಿಂದೂ ಹೇಳಿದಂಗ ಆಕ್ಕಿತ್ತು."

"ಅದಕ್ಕ ಬೈಸಿಕೊಂತ ಕುಂತಿ?"

"ಬೈದ್ರೂ ನಿನ್ನ ದನೀನ ಅಲ್ಲಾ..."

ಅವಳಿಗೆ ಕರಗಬಾರದೆಂದಿತ್ತು. "ನನ್ನ ಮರ್ಯಾದಿ ಉಳಿಸಾಕ ಹೋಗಿ ನಮ್ಮವ್ವಂದು ಕಳದಿ."

"ಹೌದು. ನಾಳೆ ಗದ್ದಿಗೆ ಹೋಗಿ, ಎಲ್ಲಾರ ಮುಂದ ತಪ್ಪಾತು ಅಂತೀನಿ. ಹೊಸದಾಗಿ ರೆಕಾರ್ಡ್ ಮಾಡ್ತೀನಿ. ಈ ಸಲ ಬದುವಿನ ಮ್ಯಾಲ ನಿಂದ್ರಂಗಿಲ್ಲ. ಬೇಲಿ ಹಿಂದ ಅಡಗಿ ಕುಂದರ್ತೀನಿ."

ತಡೆದರೂ ನಗು ಬಂದೇಬಿಟ್ಟಿತು ಅವಳಿಗೆ!

"ಅಡಗಬ್ಯಾಡ. ನಾನೂ ಬರ್ತೀನಿ, ಬಾಜೂಕ ನಿಂದ್ರತೀನಿ. ಹಾಡಾಕ ನಮ್ಮ ಪ್ರಿನ್ಸಿಪಾಲರ ಹೆಸರು ಕೊಡೋಣು ಅವರಿಗೆ."

"ಮತ್ತ... ನನ್ನ ಹೆಸರು?"

ಬಾಗಿಲವರೆಗೆ ಹೋದವಳು ತಿರುಗಿದಳು. ಕೆನ್ನೆ ಕೆಂಪಾಗಿದ್ದರೂ ದನಿಯಲ್ಲಿ ಅದೇ ಬಿರುಸು.

"ಅದನ್ನ ಬ್ಯಾರೆ ಯಾರೂ ಹಾಡಬಾರದು. ಮದುವ್ಯಾಗ ಗಂಡನ ಹೆಸರಂತ ಒಡಪಿನ್ಯಾಗ ಕಟ್ಟಿ ನಾನ ಹೇಳಾಕಿ."

"ಹೇಮಾ... ಮೈಕ್ ಆಫ್ ಐತಿ. ಇನ್ನೊಮ್ಮೆ ಹೇಳು!"

"ಕಿವಿ ಆಫ್ ಇಲ್ಲಲ್ಲಾ? ಒಮ್ಮೆ ಸಾಕು."