ಸೆಮಿಫೈನಲಿನ ಸ್ಕೋರು ಹಾಳೆ

ಶನಿವಾರ ಬೆಳಿಗ್ಗೆ ಏಳು ನಲವತ್ತಕ್ಕೆ ಕಾಲೇಜಿನ ಕ್ರೀಡಾ ಕಾರ್ಯದರ್ಶಿ ಠಾಣೆಯ ಮೆಟ್ಟಿಲು ಹತ್ತಿದಾಗ ಅವರ ಅಂಗಿಯ ಗುಂಡಿಗಳು ಒಂದರ ಕಾಜಕ್ಕೆ ಇನ್ನೊಂದು ಸೇರಿದ್ದವು. ಕಳವಾದದ್ದು ಒಂದು ಕವರು. ಅದರೊಳಗೆ ಒಂದು ಸ್ಕೋರು ಹಾಳೆ, ಅದರ ಮೂರು ನಕಲು, ಅಷ್ಟೇ.

"ಕಾಗದ ಹೋದದ್ದಕ್ಕೂ ಎಫ್‌ಐಆರ್ ಬೇಕಾ ಸಾರ್?" ಎಂದು ದಫೇದಾರರು ಪೆನ್ನಿನ ಮುಚ್ಚಳ ತೆಗೆಯದೆಯೇ ಕೇಳಿದರು.

"ಬೇಕು. ಇವತ್ತು ಹನ್ನೆರಡು ಗಂಟೆಯೊಳಗೆ ಅದು ಸಿಗದಿದ್ದರೆ ನಮ್ಮ ಹುಡುಗಿಯರ ಕತೆ ಮುಗೀತು."

ಇನ್‌ಸ್ಪೆಕ್ಟರ್ ಮೇಡಂ ಅವರನ್ನು ಕೂರಿಸಿ, ನೀರು ಕೊಡಿಸಿ, ಮೊದಲಿನಿಂದ ಹೇಳಿಸಿದರು. ಆರು ದೇಶಗಳ ಕಾಲೇಜು ಹುಡುಗಿಯರ ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿ ಈ ಸಲ ಇಲ್ಲೇ ನಡೆಯುತ್ತಿತ್ತು. ನಿನ್ನೆ ಶುಕ್ರವಾರ ಸಂಜೆ ಸೆಮಿಫೈನಲಿನಲ್ಲಿ ಆತಿಥೇಯರ ತಂಡ ಅರವತ್ತೊಂದು, ವಿದೇಶಿ ತಂಡ ಅರವತ್ತೆರಡು. ಒಂದೇ ಒಂದು ಪಾಯಿಂಟಿನಲ್ಲಿ ಸೋಲು. ಮೂರನೇ ಕ್ವಾರ್ಟರಿನ ಶುರುವಿನಲ್ಲಿ ತಾನು ಹಾಕಿದ ಬಾಸ್ಕೆಟ್ ನಮ್ಮ ಲೆಕ್ಕಕ್ಕೆ ಬಂದಿಲ್ಲ ಎಂದು ಹದಿನಾಲ್ಕನೇ ನಂಬರಿನ ಕ್ಯಾಪ್ಟನ್ ಹುಡುಗಿ ಹಾಳೆಯ ಮೇಲೆಯೇ ತಕರಾರಿನ ಸಹಿ ಹಾಕಿದ್ದಳು. ತೀರ್ಪುಗಾರರು ಹಾಳೆಯನ್ನು ಕವರಿಗೆ ಹಾಕಿ ಅಂಟಿಸಿ ಕೊಟ್ಟಿದ್ದರು. ಇವತ್ತು ಮಧ್ಯಾಹ್ನ ಹನ್ನೆರಡಕ್ಕೆ ಸಮಿತಿಯ ವಿಚಾರಣೆ. ಗ್ಯಾಲರಿಯಲ್ಲಿದ್ದವರ ಫೋನುಗಳಲ್ಲಿ ಆಟದ ತುಣುಕುಗಳಿದ್ದವು ನಿಜ, ಆದರೆ ಈ ಪಂದ್ಯಾವಳಿಯ ನಿಯಮದಲ್ಲಿ ಹಾಳೆಗೆ ಮಾತ್ರ ಬೆಲೆ. ಹಾಳೆ ಇಲ್ಲವೆಂದರೆ ತಕರಾರೂ ಇಲ್ಲ.

"ಸ್ಕೋರು ಬರೆದವರು ಯಾರು?"

"ನಮ್ಮ ಮೇಷ್ಟ್ರು. ನಿವೃತ್ತ ವ್ಯಾಯಾಮ ಶಿಕ್ಷಕರು. ಮೂವತ್ತೊಂದು ವರ್ಷದಿಂದ ಬರೀತಿದಾರೆ, ಒಂದು ಗೀಟು ಆಚೀಚೆ ಆಗಿಲ್ಲ." ಕಾರ್ಯದರ್ಶಿ ಗುಟುಕು ನೀರು ಕುಡಿದರು. "ಕ್ಯಾಪ್ಟನ್ ಅವರ ಮಗಳೇ. ನಿನ್ನೆ ಎಲ್ಲರ ಎದುರಿಗೆ ಅವಳಿಗೆ, ಹಾಳೇಲಿ ಇಲ್ಲ, ಸುಳ್ಳು ಹೇಳಬೇಡ ಅಂದುಬಿಟ್ಟರು. ಪಾಪ, ನಿಷ್ಠುರದ ಮನುಷ್ಯ."

ಎಂಟು ಇಪ್ಪತ್ತಕ್ಕೆ ಕ್ರೀಡಾ ಕಚೇರಿಯಲ್ಲಿ ಪಂಚನಾಮೆ ಶುರುವಾಯಿತು. ಗಾಳಿ ತುಂಬದ ಚೆಂಡುಗಳ ಗುಡ್ಡೆ, ಹಳೆಯ ಬೆವರಿನ ವಾಸನೆ, ಒಂದು ಕಬ್ಬಿಣದ ಬೀರು. ಬೀಗ ಒಡೆದಿರಲಿಲ್ಲ. ಕೀಲಿ ಇದ್ದದ್ದು ಮೇಜಿನ ಡ್ರಾದಲ್ಲಿ, ಡ್ರಾಗೆ ಬೀಗವೇ ಇರಲಿಲ್ಲ. ದಫೇದಾರರು ಕಾರ್ಯದರ್ಶಿಯ ಮುಖ ನೋಡಿದರು. ಕಾರ್ಯದರ್ಶಿ ಚೆಂಡುಗಳನ್ನು ನೋಡಿದರು.

"ಕವರು ಇಟ್ಟದ್ದು ಎಷ್ಟು ಗಂಟೆಗೆ?"

"ನಿನ್ನೆ ಸಂಜೆ ಆರೂವರೆ."

"ಆಮೇಲೆ ಹೊರಗಿನವರು ಯಾರು ಬಂದಿದ್ದರು?"

"ಆ ವಿದೇಶಿ ತಂಡದ ಮ್ಯಾನೇಜರಮ್ಮ. ಬಸ್ಸಿನ ಸಮಯ ಕೇಳೋಕೆ. ನಾನು ಡ್ರೈವರನ್ನು ಕರೆಯೋಕೆ ಹೋದೆ. ಹತ್ತು ನಿಮಿಷ ಒಬ್ಬರೇ ಕೂತಿದ್ದರು."

ಇಷ್ಟು ಸಿಕ್ಕಿದ್ದೇ ತಡ, ಎಲ್ಲರ ಮುಖ ಅರಳಿತು. ಹಾಳೆ ಕಳೆದರೆ ಲಾಭ ಅವರಿಗೇ ತಾನೆ. ಒಂಬತ್ತು ಗಂಟೆಗೆ ಇನ್‌ಸ್ಪೆಕ್ಟರ್ ಮೂವರು ಮಹಿಳಾ ಪೇದೆಗಳೊಂದಿಗೆ ಅತಿಥಿ ತಂಡ ಇಳಿದಿದ್ದ ಹಾಸ್ಟೆಲಿಗೆ ಹೋದರು. ಹನ್ನೆರಡು ಹುಡುಗಿಯರು ಕಾರಿಡಾರಿನಲ್ಲಿ ಗೋಡೆಗೆ ಒರಗಿ ನಿಂತರು. ಒಳಗೆ ಅವರ ಚೀಲಗಳನ್ನು ಹಾಸಿಗೆಯ ಮೇಲೆ ಸುರಿದದ್ದಾಯಿತು. ಒಳಉಡುಪು, ಮಂಡಿಗೆ ಕಟ್ಟುವ ಪಟ್ಟಿ, ಯಾರದೋ ಅಮ್ಮನ ಫೋಟೋ, ಅರ್ಧ ತಿಂದ ಬಿಸ್ಕತ್ತು ಪೊಟ್ಟಣ. ಕವರು ಇರಲಿಲ್ಲ. ಒಬ್ಬ ಹುಡುಗಿ ಬಂದು ತನ್ನ ಬಟ್ಟೆಗಳನ್ನು ಮಡಿಸತೊಡಗಿದಳು. ಅದನ್ನು ನೋಡುತ್ತ ನಿಂತ ಪೇದೆಯೊಬ್ಬಳು ತಡೆಯಲಾರದೆ ತಾನೂ ಕೂತು ಮಡಿಸಿದಳು.

ಮ್ಯಾನೇಜರ್ ಹೆಂಗಸು ಇಂಗ್ಲಿಷಿನಲ್ಲಿ, ಸಿಟ್ಟಿಲ್ಲದೆ, ಒಂದೇ ಮಾತು ಕೇಳಿದರು. "ನಿಮ್ಮ ತಂಡದವರ ಕೋಣೆಗಳನ್ನೂ ಹೀಗೇ ನೋಡಿದಿರಾ?"

ಇನ್‌ಸ್ಪೆಕ್ಟರಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಹತ್ತೊಂಬತ್ತು ವರ್ಷದ ನೌಕರಿಯಲ್ಲಿ ಬೈಗುಳ ತಿಂದದ್ದುಂಟು, ಇಷ್ಟು ಮೆಲ್ಲಗೆ ಕೇಳಿಸಿಕೊಂಡದ್ದಿಲ್ಲ. ಜೀಪಿನಲ್ಲಿ ಕೂತ ಮೇಲೆ ಅವರು ದಫೇದಾರರಿಗೆ ಹೇಳಿದರು. "ಹೊರಗಿನವರು ಯಾರು ಬಂದಿದ್ದರು ಅಂತ ಕೇಳಿದೆ ನಾನು. ಆ ಪ್ರಶ್ನೆಯೇ ತಪ್ಪು ಕಣ್ರೀ."

ಒಂಬತ್ತು ಐವತ್ತಕ್ಕೆ ಮತ್ತೆ ಕ್ರೀಡಾ ಕಚೇರಿ.

"ಸಾರ್, ಒಳಗಿನವರು ಯಾರು ಬಂದಿದ್ದರು?"

"ಒಳಗಿನವರಾ? ಯಾರೂ ಇಲ್ಲ. ಮೇಷ್ಟ್ರು ಬಂದಿದ್ದರು, ಗಂಟೆ, ಬಾವುಟ, ಟೇಬಲ್ ಸಾಮಾನು ಇಡೋಕೆ. ಅವರು ದಿನಾ ಬರ್ತಾರೆ. ಅವರನ್ನೂ ಹಿಡೀತೀರಾ?" ಕಾರ್ಯದರ್ಶಿ ನಗಲು ನೋಡಿದರು. ಜೊತೆಗೆ ನಗುವವರು ಯಾರೂ ಸಿಗಲಿಲ್ಲ.

ಸ್ಕೋರು ಟೇಬಲಿನಲ್ಲಿ ಮೇಷ್ಟ್ರ ಪಕ್ಕ ಕೂತು ಬೋರ್ಡು ನೋಡಿಕೊಂಡವರು ಕಾಲೇಜಿನ ಲೈಬ್ರರಿಯನ್. ಹತ್ತು ಗಂಟೆಗೆ ಅವರ ಹೇಳಿಕೆ.

"ಮೂರನೇ ಕ್ವಾರ್ಟರಿನ ಮೊದಲ ಬಾಸ್ಕೆಟ್ ಯಾರು ಹಾಕಿದ್ದು?"

ಲೈಬ್ರರಿಯನ್ ತಲೆ ತಗ್ಗಿಸಿದರು. "ನಮ್ಮ ಹದಿನಾಲ್ಕು. ನಾನು ಬೋರ್ಡಿನಲ್ಲಿ ನಮ್ಮವರಿಗೇ ಎರಡು ಕೊಟ್ಟಿದ್ದೆ. ಮೇಷ್ಟ್ರು, ಅಲ್ಲ, ಅವರಿಗೆ ಕೊಡು ಅಂದರು. ತೆಗೆದು ಅವರಿಗೆ ಕೊಟ್ಟೆ."

"ಕಣ್ಣಾರೆ ಕಂಡಿದ್ದಿರಲ್ಲ."

"ಕಂಡಿದ್ದೆ ಮೇಡಂ. ಆದರೆ ಮೇಷ್ಟ್ರು ಹೇಳಿದರಲ್ಲ. ನನ್ನ ಕಣ್ಣೇ ಮೋಸ ಮಾಡಿತು ಅಂದುಕೊಂಡೆ. ಆ ಹುಡುಗಿ ಅತ್ತಾಗಲೂ ನಾನು ಬಾಯಿ ಬಿಡಲಿಲ್ಲ. ನಾಳೆ ಹಾಳೆ ನೋಡಿದರೆ ತಿಳಿಯುತ್ತೆ ಅಂತ ಸುಮ್ಮನಿದ್ದೆ."

"ಯಾವ ನಂಬರು ಹಾಕಿದ್ದು ಅಂತ ಮೇಷ್ಟ್ರೇ ನೋಡಿ ಬರೀತಾರಾ?"

"ಮೊದಲು ಹಾಗೇ ಇತ್ತು. ಎರಡು ವರ್ಷದಿಂದ, ನಂಬರು ನೀನೇ ಜೋರಾಗಿ ಹೇಳು ಅಂದಿದಾರೆ. ನಾನು ಹದಿನಾಲ್ಕು ಎರಡು ಅಂದೆ, ಅವರು ಬರೆದುಕೊಂಡರು."

"ಅರ್ಧ ಆಟ ಆದ ಮೇಲೆ ತಂಡಗಳು ಕಡೆ ಬದಲಾಯಿಸ್ತಾವೆ, ಅಲ್ವಾ?"

"ಹೌದು. ಅಲ್ಲೀತನಕ ಅವರು ಹಾಕ್ತಿದ್ದ ರಿಂಗಿಗೆ ಆಮೇಲೆ ನಾವು ಹಾಕಬೇಕು."

ಇನ್‌ಸ್ಪೆಕ್ಟರ್ ಕಿಟಕಿಯಿಂದ ಆಟದ ಅಂಗಳ ನೋಡಿದರು. ಅಂಗಿಯ ಬಣ್ಣ ನೋಡಿ ಬರೆಯುವವರಿಗೆ ಈ ತಪ್ಪು ಆಗುವುದು ಸಾಧ್ಯವಿಲ್ಲ. ಬಣ್ಣ ಕಾಣದೆ, ಈ ಕಡೆ ಬಿದ್ದರೆ ನಮ್ಮದು, ಆ ಕಡೆ ಬಿದ್ದರೆ ಅವರದು ಎಂದು ಅಂದಾಜಿನಲ್ಲಿ ಬರೆಯುವವರಿಗೆ ಆಗುತ್ತದೆ. ಕಡೆ ಬದಲಾದದ್ದು ತಲೆಗೆ ಹೋಗುವ ತನಕ, ಒಂದೇ ಒಂದು ಸಲ.

ಮೇಷ್ಟ್ರು ಹತ್ತು ಇಪ್ಪತ್ತಕ್ಕೆ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಒಂದು ಕೆಂಪು, ಒಂದು ನೀಲಿ ಪೆನ್ನು. ನಮಸ್ಕಾರ ಹೇಳಿ ನೆಟ್ಟಗೆ ಕೂತರು.

"ನಿನ್ನೆ ಸಂಜೆ ಬೀರು ತೆಗೆದಿದ್ದಿರಾ ಮೇಷ್ಟ್ರೇ?"

"ಇಲ್ಲ. ಸಾಮಾನು ಮೇಜಿನ ಮೇಲಿಟ್ಟು ಹೋದೆ."

"ಮೂರನೇ ಕ್ವಾರ್ಟರಿನ ಮೊದಲ ಬಾಸ್ಕೆಟ್?"

"ಅತಿಥಿ ತಂಡದ್ದು. ಹಾಳೆ ಸಿಕ್ಕರೆ ನೀವೇ ನೋಡಬಹುದು."

ಅಷ್ಟರಲ್ಲಿ ಬಾಗಿಲ ಬಳಿ ಯಾರೋ ಬಂದು ನಿಂತರು. ಹೇಳಿಕೆ ಕೊಡಲು ಕರೆಸಿದ್ದ ಕ್ಯಾಪ್ಟನ್ ಹುಡುಗಿ. ಮೈಮೇಲೆ ತಂಡದ ಕೆಂಪು ಅಂಗಿ, ಕಣ್ಣು ಊದಿಕೊಂಡಿತ್ತು. ಒಳಗೆ ಬರಲೋ ಬೇಡವೋ ಎಂದು ಅನುಮಾನಿಸುತ್ತ ನಿಂತಿದ್ದಳು. ಮೇಷ್ಟ್ರು ಆ ಕಡೆ ತಿರುಗಿ ಸೌಜನ್ಯದಿಂದ ಸ್ವಲ್ಪ ಬಾಗಿದರು.

"ಬನ್ನಿಯಮ್ಮ, ಬನ್ನಿ. ನಿಮ್ಮ ಮೇಡಂ ಇಲ್ಲೇ ಇದಾರೆ."

ದಫೇದಾರರು ಬರೆಯುವುದನ್ನು ನಿಲ್ಲಿಸಿದರು.

"ಅಪ್ಪ, ನಾನು," ಎಂದಳು ಹುಡುಗಿ.

ಮೇಷ್ಟ್ರ ಮುಖದ ಬಣ್ಣ ಇಳಿದುಹೋಯಿತು. ಇನ್‌ಸ್ಪೆಕ್ಟರಿಗೆ, ಇದನ್ನು ನೋಡುವ ಬದಲು ಕೇಸೇ ಹಾಳಾಗಿ ಹೋಗಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಆದರೂ ಕೇಳಬೇಕಿತ್ತು.

"ಎಷ್ಟು ದಿನದಿಂದ ಮೇಷ್ಟ್ರೇ?"

"ಎರಡು ವರ್ಷ. ಕಣ್ಣಿಗೆ ಪೊರೆ. ಹತ್ತಿರದ್ದು ಓದ್ತೀನಿ, ಬರೀತೀನಿ. ದೂರದಲ್ಲಿ, ಅದರಲ್ಲೂ ದೀಪದ ಬೆಳಕಿಗೆ, ಎಲ್ಲ ಒಂದೇ ಬಣ್ಣ."

"ಮನೆಯಲ್ಲಿ ಗೊತ್ತಾ?"

ಅವರು ತಲೆ ಆಡಿಸಿದರು, ಇಲ್ಲ ಎಂದು. ಮಗಳ ಕಡೆ ನೋಡಲಿಲ್ಲ.

"ಹಾಳೆ ಎಲ್ಲಿದೆ?"

"ಮನೇಲಿ. ಅಲಮಾರೀಲಿ, ಈ ತಿಂಗಳ ಫೈಲಿಗೆ ಹಾಕಿದೀನಿ."

ದಫೇದಾರರಿಗೆ ತಡೆಯಲಾಗಲಿಲ್ಲ. "ಕದ್ದ ಮೇಲೆ ಹರಿದು ಬಿಸಾಡೋದು ಬಿಟ್ಟು ಫೈಲಿಗೆ ಹಾಕಿದಿರಾ?"

"ಸ್ಕೋರು ಹಾಳೆ ಹರೀತಾರೇನ್ರೀ?" ಎಂದರು ಮೇಷ್ಟ್ರು. ಆ ಒಂದು ಕ್ಷಣ ಮಾತ್ರ ಅವರ ದನಿಯಲ್ಲಿ ಹಳೆಯ ಮೇಷ್ಟ್ರು ಇದ್ದರು.

ಹನ್ನೊಂದು ಐದಕ್ಕೆ ಅವರ ಮನೆಯಲ್ಲಿ, ನೆರೆಮನೆಯ ಇಬ್ಬರ ಸಮಕ್ಷಮ, ಜಪ್ತಿ ಪಂಚನಾಮೆ ಆಯಿತು. ಅಲಮಾರಿಯ ತುಂಬ ಮೂವತ್ತೊಂದು ವರ್ಷದ ನಕಲು ಹಾಳೆಗಳು, ತಾರೀಕಿನ ಪ್ರಕಾರ ತೂತು ಹೊಡೆದು ಸೇರಿಸಿದವು. ಕೊನೆಯ ಫೈಲಿನಲ್ಲಿ ನಿನ್ನೆಯ ಕವರು. ಅಂಟು ಬಿಚ್ಚಿರಲಿಲ್ಲ. ಸಮಿತಿಯ ಎದುರೇ ತೆರೆಯಬೇಕು ಎಂದು ಹಾಗೆಯೇ ಮೊಹರು ಮಾಡಿದರು. ಹನ್ನೊಂದು ಇಪ್ಪತ್ತಕ್ಕೆ ದಸ್ತಗಿರಿ. ಬೇಡಿ ತೊಡಿಸಲಿಲ್ಲ. ಅಕ್ಕಪಕ್ಕದವರು ಹೊರಗೆ ಬಂದು ನೋಡಿದರು, ನೋಡಿದವರೇ ನಾಚಿ ಒಳಗೆ ಹೋದರು.

ಹನ್ನೆರಡಕ್ಕೆ ಸಮಿತಿಯ ಮೇಜಿನ ಮೇಲೆ ಕವರು ತೆರೆದರು. ಕೆಂಪು ಶಾಯಿಯಲ್ಲಿ, ಮುತ್ತಿನಂಥ ಅಕ್ಷರ. ಅತಿಥಿ ತಂಡದ ಸಾಲಿನಲ್ಲಿ, ಎರಡು ಪಾಯಿಂಟಿನ ಗೀಟಿನ ಪಕ್ಕ, ಹದಿನಾಲ್ಕು ಎಂದು ಬರೆದಿತ್ತು. ಅಧ್ಯಕ್ಷರು ಅತಿಥಿ ತಂಡದ ಪಟ್ಟಿಯನ್ನು ಎರಡು ಸಲ ಓದಿದರು. ಮೂರನೇ ಸಲ ಓದುವ ಮೊದಲೇ ಮ್ಯಾನೇಜರ್ ಹೆಂಗಸು ಎದ್ದು ನಿಂತರು.

"ನಮ್ಮಲ್ಲಿ ಹದಿನಾಲ್ಕನೇ ನಂಬರು ಯಾರಿಗೂ ಇಲ್ಲ. ಆ ಎರಡು ಪಾಯಿಂಟು ಅವರದು."

ಅರವತ್ತಮೂರು, ಅರವತ್ತು. ತನ್ನ ತಂಡ ಸೋತಿತೆಂದು ತಾನೇ ಹೇಳಿ ಆ ಹೆಂಗಸು ಕೂತರು. ಇನ್‌ಸ್ಪೆಕ್ಟರ್ ಹೊರಗೆ ಕಾರಿಡಾರಿನಲ್ಲಿ ಕಾದು ನಿಂತು, ಬೆಳಗಿನದಕ್ಕೆ ಕ್ಷಮೆ ಕೇಳಿದರು. ಆಕೆ ತಲೆ ಆಡಿಸಿ, ಹುಡುಗಿಯರು ಊಟಕ್ಕೆ ಕಾಯುತ್ತಿದ್ದಾರೆ ಎಂದು ಹೊರಟುಹೋದರು.

ಎರಡು ಗಂಟೆಗೆ ಕ್ಯಾಪ್ಟನ್ ಹುಡುಗಿ ಠಾಣೆಗೆ ಬಂದಳು. ನಾಳೆ ಫೈನಲ್ ಆಡಬೇಕಾದವಳು. ಮೇಷ್ಟ್ರು ಗೋಡೆಯ ಬೆಂಚಿನ ಮೇಲೆ ಕೂತಿದ್ದರು. ಅವಳು ಹತ್ತಿರ ಬಂದು ನಿಂತ ಮೇಲೆಯೇ ತಲೆ ಎತ್ತಿದರು.

"ನೀನು ಹಾಕಿದ್ದು ನಿಜ ಕಣಮ್ಮ."

"ನಾನು ಹಾಕಿದ್ದು ನನಗೆ ನಿನ್ನೆಯೇ ಗೊತ್ತಿತ್ತಪ್ಪ. ಸುಳ್ಳು ಹೇಳಬೇಡ ಅಂದಾಗ ನಿಮಗೂ ಗೊತ್ತಿತ್ತು ಅಂತ ಇವತ್ತು ಗೊತ್ತಾಯ್ತು."

ಅವಳು ತಂದಿದ್ದ ಊಟದ ಡಬ್ಬಿಯನ್ನು ಬೆಂಚಿನ ಮೇಲಿಟ್ಟು, ಜಾಮೀನಿಗೆ ಯಾರನ್ನು ಕರೆತರಬೇಕು ಎಂದು ದಫೇದಾರರನ್ನು ಕೇಳಿ ಬರೆದುಕೊಂಡು ಹೋದಳು.

ಸಂಜೆ ದಫೇದಾರರು ಮೇಷ್ಟ್ರ ಹೇಳಿಕೆ ಬರೆದು ಮುಗಿಸಿ, "ಕಾರಣ ಏನು ಅಂತ ಹಾಕಲಿ ಮೇಡಂ?" ಎಂದರು.

"ಅವರು ಹೇಳಿದ್ದನ್ನೇ ಹಾಕಿ."

ದಫೇದಾರರು ಮೇಷ್ಟ್ರ ಮಾತಿನಲ್ಲೇ ಬರೆದರು: ಕೊನೆಯಲ್ಲಿ ಮೊತ್ತ ಕೂಡುವಾಗ ಅತಿಥಿಗಳ ಸಾಲಿನಲ್ಲಿ ಹದಿನಾಲ್ಕು ಕಂಡೆ. ಮಗಳು ಆಗ ಟೇಬಲಿನ ಕಡೆ ಓಡಿ ಬರುತ್ತಿದ್ದಳು. ತಪ್ಪಾಯಿತು ಅನ್ನಲು ಸಮಯವಿತ್ತು. ಅಪ್ಪ ತಪ್ಪು ಬರೆದ ಅಂತ ಅವಳಿಗೆ ತಿಳಿಯುವುದು ನಾಚಿಕೆ ಅನ್ನಿಸಿತು. ಅದಕ್ಕೆ ಅವಳದೇ ತಪ್ಪು ಅಂದೆ.